ಚಾವಣಿಯ ಮೇಲಿನ ಬೆಚ್ಚನೆಯ ನೀರು

2025ರ ಜುಲೈ ಕೊನೆಯ ಹೊತ್ತಿಗೆ ನ್ಯೂಯಾರ್ಕ್ ನಗರದ ಸೆಂಟ್ರಲ್ ಹಾರ್ಲೆಮ್ ಬಡಾವಣೆಯ ಜನ ನ್ಯುಮೋನಿಯಾ ಹಿಡಿದು ಆಸ್ಪತ್ರೆ ಸೇರತೊಡಗಿದರು. ಆಗಸ್ಟ್ ಮುಗಿಯುವಷ್ಟರಲ್ಲಿ ರೋಗಿಗಳ ಲೆಕ್ಕ 114ಕ್ಕೆ ಮುಟ್ಟಿತ್ತು, ಏಳು ಜನ ತೀರಿಕೊಂಡಿದ್ದರು. ಅವರೆಲ್ಲ ಒಂದೇ ಮನೆಯ ಊಟ ಉಂಡವರಲ್ಲ, ಒಬ್ಬರಿಂದೊಬ್ಬರು ಅಂಟಿಸಿಕೊಂಡವರೂ ಅಲ್ಲ. ಆ ಬೀದಿಗಳಲ್ಲಿ ಓಡಾಡುತ್ತ ಉಸಿರಾಡಿದ್ದೇ ಸಾಕಾಗಿತ್ತು. ಆರೋಗ್ಯ ಇಲಾಖೆಯವರು ಬಡಾವಣೆಯ ಕೂಲಿಂಗ್ ಟವರ್‌ಗಳ ನೀರನ್ನು ತರಿಸಿ, ಅದರಲ್ಲಿದ್ದ ಬ್ಯಾಕ್ಟೀರಿಯಾದ ಡಿಎನ್‌ಎಯನ್ನು ರೋಗಿಗಳಲ್ಲಿ ಸಿಕ್ಕಿದ್ದರ ಜೊತೆ ಹೋಲಿಸಿದಾಗ ಎರಡು ಜಾಗಗಳು ತಾಳೆಯಾದವು. ಒಂದು, ನಗರದ್ದೇ ಸಾರ್ವಜನಿಕ ಆಸ್ಪತ್ರೆ. ಇನ್ನೊಂದು, ನಗರದ ಸಾರ್ವಜನಿಕ ಆರೋಗ್ಯ ಪ್ರಯೋಗಾಲಯಕ್ಕೆಂದು ಹೊಸ ಕಟ್ಟಡ ಏಳುತ್ತಿದ್ದ ಕಾಮಗಾರಿ.

ಕಾಯಿಲೆಯ ಹೆಸರು ಲೀಜಿಯೊನೇರ್ಸ್. ಅದನ್ನು ತರುವುದು ಲೆಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ. ನ್ಯೂಯಾರ್ಕಿಗೆ ಇದು ಹೊಸದಲ್ಲ. 2015ರ ಬೇಸಿಗೆಯಲ್ಲಿ ಸೌತ್ ಬ್ರಾಂಕ್ಸ್‌ನ ಹೋಟೆಲೊಂದರ ಟವರ್‌ನಿಂದ 138 ಜನ ಮಲಗಿ, 16 ಜನ ಸತ್ತಿದ್ದರು. ಆ ಆಗಸ್ಟ್‌ನಲ್ಲೇ ನಗರ ಕಾನೂನು ತಂದಿತು: ಪ್ರತಿ ಟವರ್ ನೋಂದಣಿಯಾಗಬೇಕು, ನೀರಿನ ಪರೀಕ್ಷೆ ನಡೆಯುತ್ತಿರಬೇಕು, ನಿರ್ವಹಣೆಗೆ ಲಿಖಿತ ಯೋಜನೆ ಇರಬೇಕು. ಪಟ್ಟಿ, ತಪಾಸಣೆ, ದಂಡ ಎಲ್ಲ ಇದ್ದೂ ಹತ್ತು ವರ್ಷದ ಮೇಲೆ ಹಾರ್ಲೆಮ್ ನಡೆಯಿತು. ಆದರೆ ಪಟ್ಟಿ ಇದ್ದದ್ದರಿಂದಲೇ ಯಾವ ಬಾಗಿಲು ತಟ್ಟಬೇಕೆಂಬುದು ತನಿಖೆ ಮಾಡುವವರಿಗೆ ಗೊತ್ತಿತ್ತು. ಪಟ್ಟಿಯೇ ಇಲ್ಲದ, ಆದರೆ ಟವರ್‌ಗಳು ಹೆಚ್ಚುತ್ತಲೇ ಇರುವ ಬೆಂಗಳೂರಿನಲ್ಲಿ ಏನಾಗಬಹುದು ಎಂಬುದು ನನ್ನ ಚಿಂತೆ.

ಕೂಲಿಂಗ್ ಟವರ್ ಎಂದಕೂಡಲೇ ಉಷ್ಣ ವಿದ್ಯುತ್ ಸ್ಥಾವರದ ಪಕ್ಕದ, ಸೊಂಟ ಸಣ್ಣಗಾದ ದೈತ್ಯ ಕಾಂಕ್ರೀಟ್ ಗೋಪುರ ಕಣ್ಣಿಗೆ ಬರುತ್ತದೆ. ಊರೊಳಗಿನವು ಹಾಗೆ ಕಣ್ಣಿಗೆ ಹೊಡೆಯುವುದಿಲ್ಲ. ಮಾಲ್, ಆಸ್ಪತ್ರೆ, ಟೆಕ್ ಪಾರ್ಕ್, ಔಷಧ ಕಾರ್ಖಾನೆ, ಪ್ಲಾಸ್ಟಿಕ್ ಮೋಲ್ಡಿಂಗ್ ಘಟಕಗಳ ಚಾವಣಿಯ ಮೇಲೋ ಹಿಂಭಾಗದಲ್ಲೋ ಫೈಬರ್‌ನ ದೊಡ್ಡ ಡಬ್ಬಿ, ಅದರ ತಲೆಯ ಮೇಲೊಂದು ಫ್ಯಾನ್. ಒಳಗೆ ನಡೆಯುವುದು ಮಣ್ಣಿನ ಹೂಜಿಯ ಕೆಲಸವೇ: ಒಂದಿಷ್ಟು ನೀರು ಆವಿಯಾಗಿ, ಉಳಿದ ನೀರಿನ ಶಾಖವನ್ನು ಹೊತ್ತೊಯ್ಯುತ್ತದೆ. ಕಟ್ಟಡವನ್ನು ತಂಪಾಗಿಸುವ ಚಿಲ್ಲರ್ ಯಂತ್ರದ ಅಥವಾ ಕಂಪ್ರೆಸರ್‌ನ ಬಿಸಿ ಹೊತ್ತು ಸುಮಾರು 35 ಡಿಗ್ರಿಯಲ್ಲಿ ಬಂದ ನೀರನ್ನು ಮೇಲಿನಿಂದ ಚಿಮುಕಿಸುತ್ತಾರೆ. ಅದು ಸುಕ್ಕುಗಟ್ಟಿದ ಪ್ಲಾಸ್ಟಿಕ್ ಹಾಳೆಗಳ ಕಟ್ಟಿನ ಮೇಲೆ ತೆಳ್ಳಗೆ ಹರಡಿಕೊಂಡು ಇಳಿಯುವಾಗ ಫ್ಯಾನ್ ಅದರ ನಡುವೆ ಗಾಳಿಯನ್ನು ಎಳೆಯುತ್ತದೆ. ತಣಿದ ನೀರು ಕೆಳಗಿನ ತೊಟ್ಟಿಗೆ ಬಿದ್ದು ಮತ್ತೆ ಯಂತ್ರದತ್ತ ಹೊರಡುತ್ತದೆ.

ಈ ನೀರು ಸುತ್ತುತ್ತಲೇ ಇರುತ್ತದೆ, ಆದ್ದರಿಂದ ಖರ್ಚಾಗುವುದಿಲ್ಲ ಎಂದು ನಂಬಿದವರು ಬಹಳ ಜನ. 1 ಮೆಗಾವಾಟ್ ಶಾಖವನ್ನು ಆವಿಯ ಮೂಲಕ ಹೊರಹಾಕಬೇಕಾದರೆ ಗಂಟೆಗೆ ಸುಮಾರು 1,500 ಲೀಟರ್ ನೀರು ಗಾಳಿಗೆ ಹೋಗಲೇಬೇಕು. ಅದು ನೀರಿನ ಗುಣ, ಯಾವ ಕಂಪನಿಯ ಜಾಣತನಕ್ಕೂ ಬಗ್ಗುವಂಥದಲ್ಲ. ಹಾಗೆ ಹೋಗುವುದು ಶುದ್ಧ ನೀರು ಮಾತ್ರ. ಕ್ಯಾಲ್ಸಿಯಂ, ಸಿಲಿಕಾ, ಫಾಸ್ಫೇಟ್, ಗಾಳಿಯಲ್ಲಿ ತೇಲಿಬಂದ ಧೂಳು, ಎಲೆಯ ಚೂರು, ಪಾರಿವಾಳದ ಹಿಕ್ಕೆ ಎಲ್ಲವೂ ಹಿಂದೆ ಉಳಿದು ದಿನದಿನಕ್ಕೆ ಮಂದವಾಗುತ್ತವೆ. ಅದಕ್ಕೇ ಆಗಾಗ ಒಂದಷ್ಟು ನೀರನ್ನು ಚರಂಡಿಗೆ ಬಿಟ್ಟು ಹೊಸ ನೀರು ತುಂಬುತ್ತಾರೆ. ಆಪರೇಟರುಗಳ ಬಾಯಲ್ಲಿ ಇದು ಬ್ಲೋಡೌನ್. ನೀರಿಗೆ ದುಡ್ಡು ಜಾಸ್ತಿಯಾದ ಹಾಗೆ ಬ್ಲೋಡೌನ್ ಕಡಿಮೆಯಾಗುತ್ತದೆ. ಅಂದರೆ ಅದೇ ನೀರು ಇನ್ನಷ್ಟು ದಿನ ಸುತ್ತುತ್ತದೆ.

ಆವಿಯ ಜೊತೆಗೆ ಇನ್ನೊಂದೂ ಹೊರಬರುತ್ತದೆ: ಫ್ಯಾನಿನ ಸೆಳೆತಕ್ಕೆ ಸಿಕ್ಕ ನೀರಿನ ಸಣ್ಣ ಹನಿಗಳು. ಇವನ್ನು ತಡೆಯಲು ಫ್ಯಾನಿನ ಕೆಳಗೆ ಅಂಕುಡೊಂಕು ಪಟ್ಟಿಗಳ ಡ್ರಿಫ್ಟ್ ಎಲಿಮಿನೇಟರ್ ಕೂರಿಸಿರುತ್ತಾರೆ. ಸುತ್ತುವ ನೀರಿನಲ್ಲಿ ಶೇಕಡಾ 0.005ರಷ್ಟನ್ನು ಮಾತ್ರ ಅದು ಹೊರಬಿಟ್ಟರೂ, 1 ಮೆಗಾವಾಟ್‌ನ ಟವರ್ ಗಂಟೆಗೆ ಏಳೆಂಟು ಲೀಟರ್ ತುಂತುರನ್ನು ಊರಿನ ಗಾಳಿಗೆ ಸೇರಿಸುತ್ತದೆ. ಏಳೆಂಟು ಲೀಟರ್ ಯಾವ ಲೆಕ್ಕ ಅನ್ನಿಸಬಹುದು. ಹನಿಗಳು ಗಾಳಿಯಲ್ಲಿ ಆರುತ್ತ ಚಿಕ್ಕದಾಗಿ, ಕೆಲವೇ ಮೈಕ್ರಾನ್ ಗಾತ್ರಕ್ಕೆ ಇಳಿದಾಗ ಶ್ವಾಸಕೋಶದ ತುದಿಯವರೆಗೂ ಹೋಗಬಲ್ಲವು. ಒಂದು ಮಿಲಿಲೀಟರ್ ನೀರಿನಲ್ಲಿ 5 ಮೈಕ್ರಾನಿನ ಹನಿಗಳು ಸುಮಾರು 1,500 ಕೋಟಿ ಆಗುತ್ತವೆ. ಪಟ್ಟಿ ಮುರಿದೋ ಜರುಗಿಯೋ ಹೋಗಿದ್ದರೆ ಲೆಕ್ಕ ಇನ್ನೂ ಮೇಲೆ. ಚಾವಣಿ ಹತ್ತಿ ಅದನ್ನು ನೋಡುವವರು ಕಡಿಮೆ.

ಲೆಜಿಯೊನೆಲ್ಲಾ ಕೆರೆ, ಹೊಳೆ, ಮಣ್ಣಿನಲ್ಲಿ ಅಲ್ಪಸ್ವಲ್ಪ ಇದ್ದೇ ಇರುತ್ತದೆ. ಅಲ್ಲಿಂದ ಯಾರಿಗೂ ದೊಡ್ಡ ತೊಂದರೆಯಿಲ್ಲ. ಅದು ಚೆನ್ನಾಗಿ ಬೆಳೆಯುವುದು 25ರಿಂದ 42 ಡಿಗ್ರಿಯ ನೀರಿನಲ್ಲಿ, ಅದರಲ್ಲೂ ಪೈಪು ತೊಟ್ಟಿಗಳ ಗೋಡೆಗೆ ಕಟ್ಟಿದ ಲೋಳೆಯಲ್ಲಿ. ಲೋಳೆಯನ್ನು ಮೇಯಲು ಅಮೀಬಾ ಬರುತ್ತದೆ, ಬ್ಯಾಕ್ಟೀರಿಯಾವನ್ನು ನುಂಗುತ್ತದೆ. ಬೇರೆ ಬ್ಯಾಕ್ಟೀರಿಯಾ ಅಲ್ಲಿಗೆ ಜೀರ್ಣವಾಗಬೇಕು. ಲೆಜಿಯೊನೆಲ್ಲಾ ಮಾತ್ರ ಅಮೀಬಾದ ಹೊಟ್ಟೆಯಲ್ಲೇ ಮನೆ ಮಾಡಿ, ಅದರ ಸಾರ ಹೀರಿ, ನೂರಾರು ಪಟ್ಟು ಹೆಚ್ಚಿ, ಕೊನೆಗೆ ಅದನ್ನು ಒಡೆದುಕೊಂಡು ಹೊರಬರುತ್ತದೆ. 1980ರಲ್ಲಿ ಇಂಗ್ಲೆಂಡಿನ ಟಿಮ್ ರೌಬಾಥಮ್ ಇದನ್ನು ತೋರಿಸಿಕೊಟ್ಟ ಮೇಲೆ ರೋಗದ ಒಗಟು ಬಿಡಿಸಿಕೊಳ್ಳತೊಡಗಿತು. ನಮ್ಮ ಶ್ವಾಸಕೋಶದಲ್ಲಿ ಕಸ ನುಂಗುವ ಮ್ಯಾಕ್ರೋಫೇಜ್ ಎಂಬ ಜೀವಕೋಶಗಳಿವೆ. ಅವು ನುಂಗುವ ರೀತಿ ಅಮೀಬಾದ್ದೇ. ಕೊಳಚೆಯಲ್ಲಿ ಕಲಿತ ವಿದ್ಯೆಯನ್ನು ಬ್ಯಾಕ್ಟೀರಿಯಾ ಇಲ್ಲಿಯೂ ನಡೆಸುತ್ತದೆ. ಐವತ್ತು ದಾಟಿದವರು, ಧೂಮಪಾನಿಗಳು, ಸಕ್ಕರೆ ಕಾಯಿಲೆಯವರು, ರೋಗನಿರೋಧಕ ಶಕ್ತಿ ಕುಂದಿದವರು ಹೆಚ್ಚು ಬಲಿಯಾಗುತ್ತಾರೆ. ಕಾಯಿಲೆ ಬಿದ್ದ ಹತ್ತು ಜನರಲ್ಲಿ ಸುಮಾರು ಒಬ್ಬರು ಬದುಕುವುದಿಲ್ಲ.

ಟವರ್‌ನ ತುಂತುರು ಎಷ್ಟು ದೂರ ಹೋದೀತು? ಪಕ್ಕದ ಕಟ್ಟಡದವರೆಗೆ ಎಂದು ಬಹಳ ಕಾಲ ಅಂದುಕೊಂಡಿದ್ದರು. 2003ರ ನವೆಂಬರ್‌ನಿಂದ 2004ರ ಜನವರಿಯವರೆಗೆ ಉತ್ತರ ಫ್ರಾನ್ಸಿನ ಪಾ-ದ-ಕಾಲೇ ಪ್ರಾಂತ್ಯದಲ್ಲಿ ನಡೆದದ್ದು ಆ ನೆಮ್ಮದಿಯನ್ನು ಕೆಡಿಸಿತು. ಅಲ್ಲಿನ ಪೆಟ್ರೋಕೆಮಿಕಲ್ ಕಾರ್ಖಾನೆಯ ಟವರ್‌ಗಳಿಂದ ರೋಗ ಕನಿಷ್ಠ ಆರು ಕಿಲೋಮೀಟರ್ ದೂರದವರೆಗೆ ಹರಡಿ, 86 ಜನ ಕಾಯಿಲೆ ಬಿದ್ದು 18 ಜನ ಸತ್ತರು. ಇದರಲ್ಲಿ ನನ್ನನ್ನು ಹೆಚ್ಚು ಬೆಚ್ಚಿಸುವ ಸಂಗತಿ ಸಾವಿನ ಸಂಖ್ಯೆಯೂ ಅಲ್ಲ, ದೂರವೂ ಅಲ್ಲ. ರೋಗ ಎರಡು ಅಲೆಯಾಗಿ ಬಂತು. ಮೊದಲ ಅಲೆಯ ನಂತರ ಕಾರ್ಖಾನೆ ನಿಲ್ಲಿಸಿ ಟವರ್ ಶುಚಿ ಮಾಡಲು ಹೊರಟರು. ಲೋಳೆ ಕೀಳಲು ಹೆಚ್ಚಿನ ಒತ್ತಡದ ನೀರು ಹಾಯಿಸಿದರು. ಎರಡನೆಯ ಅಲೆ ಆ ತೊಳೆಯುವಿಕೆಯ ಹೊತ್ತಿಗೇ ಸರಿಯಾಗಿ ಎದ್ದಿತು. ವರ್ಷಗಟ್ಟಲೆ ಗೋಡೆಗಂಟಿ ಕೂತದ್ದು ಜೆಟ್‌ನ ಪೆಟ್ಟಿಗೆ ತುಂತುರಾಗಿ ಊರ ಮೇಲೆ ಹಾರಿತ್ತು. ನಮ್ಮಲ್ಲಿ ಟವರ್ ತೊಳೆಯುವುದು ಹೇಗೆ? ಭಾನುವಾರ ಇಬ್ಬರು ಹುಡುಗರು ಜೆಟ್ ಪಂಪ್ ಹಿಡಿದು ಮೇಲೆ ಹತ್ತುತ್ತಾರೆ. ಮುಖಕ್ಕೆ ಹೆಚ್ಚೆಂದರೆ ಒಂದು ಕರವಸ್ತ್ರ.

ಇಂಗ್ಲೆಂಡಿನ ಬ್ಯಾರೋದಲ್ಲಿ 2002ರಲ್ಲಿ ಆದದ್ದು ಇನ್ನೂ ಸಾಮಾನ್ಯ ಕಥೆ, ಆದ್ದರಿಂದಲೇ ನಮಗೆ ಹತ್ತಿರದ್ದು. ಪಟ್ಟಣದ ಪುರಸಭೆಗೆ ಸೇರಿದ ಕಲಾಭವನದ ಹವಾನಿಯಂತ್ರಣ ಘಟಕದ ನೀರು ಶುದ್ಧೀಕರಿಸುವ ಗುತ್ತಿಗೆ ರದ್ದಾಗಿತ್ತು, ಬದಲಿ ವ್ಯವಸ್ಥೆ ಆಗಿರಲಿಲ್ಲ. ಏಳು ಜನ ಸತ್ತರು. ಸಾವಿಗೆ ಕಾರಣವಾದ ಆರೋಪದ ಮೇಲೆ ಬ್ರಿಟನ್ನಿನಲ್ಲಿ ಕಟಕಟೆ ಹತ್ತಿದ ಮೊದಲ ಸ್ಥಳೀಯ ಸಂಸ್ಥೆ ಆ ಪುರಸಭೆ. ಆ ಆರೋಪ ಕೊನೆಗೆ ನಿಲ್ಲಲಿಲ್ಲ. ಸುರಕ್ಷತಾ ಕಾನೂನಿನಡಿ 1,25,000 ಪೌಂಡ್ ದಂಡ ಬಿತ್ತು. ವಾರ್ಷಿಕ ನಿರ್ವಹಣೆಯ ಎಎಂಸಿ ನವೀಕರಣದ ಕಡತ ತಿಂಗಳುಗಟ್ಟಲೆ ಮೇಜಿನಿಂದ ಮೇಜಿಗೆ ಅಲೆಯುವುದನ್ನು ಕಂಡವರು ಇದನ್ನು ಒಮ್ಮೆ ಯೋಚಿಸಬೇಕು.

ಹಳೆಯ, ಪಾಚಿ ಹಿಡಿದ ಟವರ್‌ಗಳದ್ದೇ ಈ ಪಾಡು ಎನ್ನುವಂತೆಯೂ ಇಲ್ಲ. ಮೆಲ್ಬರ್ನ್ ಅಕ್ವೇರಿಯಂ ಬಾಗಿಲು ತೆರೆದದ್ದು 2000ದ ಜನವರಿಯಲ್ಲಿ, ಏಪ್ರಿಲ್‌ನಲ್ಲಿ ಅದರ ಹೊಚ್ಚ ಹೊಸ ಟವರ್‌ಗಳಿಂದ 125 ಜನರಿಗೆ ರೋಗ. ಹೊಸ ಕಟ್ಟಡಗಳಲ್ಲಿ ವ್ಯವಸ್ಥೆಗೆ ನೀರು ತುಂಬಿ, ಪರೀಕ್ಷಾರ್ಥ ಓಡಿಸಿ, ಬಾಡಿಗೆದಾರರು ಬರುವವರೆಗೆ ನಿಲ್ಲಿಸಿಡುತ್ತಾರೆ. ನಿಂತ ನೀರಿನಲ್ಲಿ ಲೋಳೆ ಕಟ್ಟಲು ಅಷ್ಟು ಬಿಡುವು ಧಾರಾಳ.

ಈಗ ಬೆಂಗಳೂರಿಗೆ ಬರೋಣ. ಟವರ್ ನೀರನ್ನು ಎಷ್ಟು ತಣಿಸಬಲ್ಲದು ಎಂಬುದನ್ನು ನಿರ್ಧರಿಸುವುದು ಗಾಳಿಯ ಆರ್ದ್ರೋಷ್ಣತೆ, ಅಂದರೆ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವ ಉಷ್ಣಾಂಶ. ನೀರು ಅದಕ್ಕಿಂತ ಮೂರು ನಾಲ್ಕು ಡಿಗ್ರಿ ಮೇಲೆಯೇ ನಿಲ್ಲುತ್ತದೆ. ಮಳೆಗಾಲದ ಬೆಂಗಳೂರಿನಲ್ಲಿ ತೊಟ್ಟಿಯ ನೀರು 25 ಡಿಗ್ರಿಯ ಆಚೀಚೆ ಇರುತ್ತದೆ, ಯಂತ್ರದಿಂದ ಮರಳುವ ನೀರು 30 ದಾಟಿರುತ್ತದೆ. ಅಂದರೆ ಇಡೀ ಸುತ್ತು ಬ್ಯಾಕ್ಟೀರಿಯಾಗೆ ಒಗ್ಗುವ ಉಷ್ಣಾಂಶದೊಳಗೇ. ನ್ಯೂಯಾರ್ಕಿನಲ್ಲಿ ಹವಾನಿಯಂತ್ರಣದ ಎಷ್ಟೋ ಟವರ್‌ಗಳನ್ನು ಚಳಿಗಾಲದಲ್ಲಿ ಆರಿಸಿ ಬರಿದು ಮಾಡುತ್ತಾರೆ. ನಮ್ಮಲ್ಲಿ ಅಂಥ ಬಿಡುವೇ ಇಲ್ಲ. ಮೋಡ ಕವಿದು ಗಾಳಿ ತೇವವಾದ ದಿನ ತುಂತುರು ಬೇಗ ಆರುವುದಿಲ್ಲ, ಸೂರ್ಯನ ನೇರಳಾತೀತ ಕಿರಣವೂ ಅದರೊಳಗಿನ ಬ್ಯಾಕ್ಟೀರಿಯಾವನ್ನು ಕೊಲ್ಲಲಾರದು. ನಮ್ಮ ಜೂನ್‌ನಿಂದ ಅಕ್ಟೋಬರ್‌ವರೆಗಿನ ದಿನಗಳೆಲ್ಲ ಹೆಚ್ಚುಕಡಿಮೆ ಅಂಥವೇ.

ಟವರ್‌ಗಳು ಹೆಚ್ಚುವುದು ಬರೀ ಕಟ್ಟಡಗಳು ಹೆಚ್ಚುವುದರಿಂದಲ್ಲ. 2017ರ ರಾಷ್ಟ್ರೀಯ ಇಂಧನ ಮಿತವ್ಯಯ ಕಟ್ಟಡ ಸಂಹಿತೆಯ ಪ್ರಕಾರ, ತಂಪುಗೊಳಿಸುವ ಹೊರೆ 530 ಕಿಲೋವಾಟ್ ಅಥವಾ ಅದಕ್ಕೂ ಮೇಲಿರುವ ಕಟ್ಟಡಗಳಲ್ಲಿ ಗಾಳಿಯಿಂದ ತಣಿಯುವ ಚಿಲ್ಲರ್‌ಗಳು ಒಟ್ಟು ಸಾಮರ್ಥ್ಯದ ಶೇಕಡಾ 33 ಮೀರಬಾರದು. ಸ್ಥಳೀಯ ಪ್ರಾಧಿಕಾರವೇ ಅವನ್ನು ಕಡ್ಡಾಯ ಮಾಡಿದರೆ ಬೇರೆ ಮಾತು. ಉಳಿದದ್ದಕ್ಕೆ ನೀರು, ನೀರಿಗೆ ಟವರ್. ಕಾರಣ ಸರಿಯಾದದ್ದೇ: ನೀರಿನಿಂದ ತಣಿಯುವ ಚಿಲ್ಲರ್ ಕರೆಂಟು ಉಳಿಸುತ್ತದೆ. ಆ ನೀರೆಲ್ಲಿಂದ? 2024ರ ಬೇಸಿಗೆಯಲ್ಲಿ ಟ್ಯಾಂಕರ್ ಹಿಂದೆ ಓಡಿದ ನಗರ ಕಾವೇರಿ ನೀರನ್ನು ಚಾವಣಿಯಿಂದ ಆವಿ ಮಾಡಲಾಗದು. ಹಾಗಾಗಿ ಎಸ್‌ಟಿಪಿ, ಅಂದರೆ ಕೊಳಚೆ ಶುದ್ಧೀಕರಣ ಘಟಕದ ನೀರು. ಯಲಹಂಕದ ಶುದ್ಧೀಕರಣ ಘಟಕದ ನೀರು ವಿಮಾನ ನಿಲ್ದಾಣದಂಥ ದೊಡ್ಡ ಗ್ರಾಹಕರಿಗೆ ವರ್ಷಗಳಿಂದ ಹೋಗುತ್ತಿದೆ. 2016ರ ವಿದ್ಯುತ್ ದರ ನೀತಿಯಂತೂ ಕೊಳಚೆ ಶುದ್ಧೀಕರಣ ಘಟಕದಿಂದ 50 ಕಿಲೋಮೀಟರ್ ಒಳಗಿನ ಉಷ್ಣ ಸ್ಥಾವರಗಳು ಆ ನೀರನ್ನೇ ಬಳಸಬೇಕೆಂದಿತು. ಇದೂ ಒಳ್ಳೆಯ ಕಾರಣಕ್ಕೇ.

ಇಂಧನದವರು ಟವರ್ ಕಟ್ಟಿ ಅಂದರು, ನೀರಿನವರು ಅದಕ್ಕೆ ಕೊಳಚೆಯಿಂದ ಶುದ್ಧವಾದ ನೀರು ತುಂಬಿ ಅಂದರು. ಆರೋಗ್ಯದವರನ್ನು ಈ ಸಭೆಗೆ ಯಾರೂ ಕರೆಯಲಿಲ್ಲ.

ಶುದ್ಧೀಕರಿಸಿದ ನೀರು ಕೆಟ್ಟದ್ದೆಂದು ಹೇಳುತ್ತಿಲ್ಲ. ಆದರೆ ಸಾಮಾನ್ಯ ಎಸ್‌ಟಿಪಿಯಿಂದ ಬರುವ ನೀರಿನಲ್ಲಿ ಫಾಸ್ಫೇಟ್, ಅಮೋನಿಯಾ, ಕರಗಿದ ಸಾವಯವ ಪದಾರ್ಥ ಉಳಿದಿರುತ್ತವೆ. ಲೋಳೆಗೆ ಇವೇ ಊಟ. ಟವರ್‌ನಲ್ಲಿ ನೀರು ಆವಿಯಾಗುತ್ತ ಇವು ನಾಲ್ಕೈದು ಪಟ್ಟು ಮಂದವಾಗುತ್ತವೆ. ಬ್ಯಾಕ್ಟೀರಿಯಾ ಕೊಲ್ಲಲು ಹಾಕುವ ಕ್ಲೋರಿನ್ ಮೊದಲು ಅಮೋನಿಯಾದ ಜೊತೆ ಕೂಡಿ ನಿಧಾನವಾಗಿ ಕೆಲಸ ಮಾಡುವ ಕ್ಲೋರಮೈನ್ ಆಗುತ್ತದೆ. ಎಷ್ಟು ಹಾಕಿದರೆ ಎಷ್ಟು ಉಳಿಯಿತು ಎಂಬ ಲೆಕ್ಕವೇ ತಪ್ಪುತ್ತದೆ. ಪಿಎಚ್‌ನ ತೊಡಕು ಬೇರೆ. ಕ್ಲೋರಿನ್‌ನ ನಿಜವಾದ ಕೊಲ್ಲುವ ರೂಪ ಹೈಪೋಕ್ಲೋರಸ್ ಆಮ್ಲ. ಪಿಎಚ್ 7.5ರಲ್ಲಿ ಅರ್ಧ ಭಾಗ ಆ ರೂಪದಲ್ಲಿರುತ್ತದೆ, 8.5ಕ್ಕೆ ಏರಿದರೆ ಹತ್ತರಲ್ಲಿ ಒಂದು ಭಾಗ ಮಾತ್ರ. ಹೆಚ್ಚು ದಿನ ಸುತ್ತಿದ ಟವರ್ ನೀರು ಸಾಮಾನ್ಯವಾಗಿ ಆ 8.5ರ ಆಸುಪಾಸಿನಲ್ಲೇ ಇರುತ್ತದೆ.

ಇಷ್ಟಾದರೂ ಪ್ಲಾಂಟ್ ರೂಮಿನ ಲಾಗ್‌ಬುಕ್ ಅಚ್ಚುಕಟ್ಟಾಗಿರುತ್ತದೆ. ಟಿಡಿಎಸ್ (ಕರಗಿದ ಘನಾಂಶ), ಪಿಎಚ್, ಗಡಸುತನ ದಿನಾ ಬರೆದಿರುತ್ತಾರೆ. ಚಿಲ್ಲರ್ ಕೊಳವೆಯಲ್ಲಿ ಸುಣ್ಣದ ಪದರ ಕಟ್ಟಿದರೆ ಕರೆಂಟು ಬಿಲ್ಲು ಏರುತ್ತದೆ, ತುಕ್ಕು ಹಿಡಿದರೆ ಕೊಳವೆ ಸೋರುತ್ತದೆ, ಆದ್ದರಿಂದ ಯಂತ್ರವನ್ನು ಕಾಯುವ ಪರೀಕ್ಷೆಗಳಿಗೆ ಕೊರತೆಯಿಲ್ಲ. ಬ್ಯಾಕ್ಟೀರಿಯಾಕ್ಕೆ ಇರುವುದು ತಿಂಗಳಿಗೊಮ್ಮೆ ಅದ್ದಿ ನೋಡುವ ಡಿಪ್ ಸ್ಲೈಡ್. ಅದು ಒಟ್ಟು ಬ್ಯಾಕ್ಟೀರಿಯಾ ಎಷ್ಟೆಂದು ಹೇಳುತ್ತದೆ. ಲೆಜಿಯೊನೆಲ್ಲಾ ಅದರ ಮೇಲೆ ಬೆಳೆಯುವುದೇ ಇಲ್ಲ. ಅದಕ್ಕೆ ಬೇರೆ ಮಾಧ್ಯಮ ಬೇಕು, ಫಲಿತಾಂಶಕ್ಕೆ ಹತ್ತು ದಿನದವರೆಗೂ ಕಾಯಬೇಕು. ಸ್ಲೈಡ್ ಚೊಕ್ಕವಾಗಿದೆ ಎಂದರೆ ಟವರ್ ಸುರಕ್ಷಿತ ಎಂದಲ್ಲ.

ಎಐ ಸರ್ವರ್‌ಗಳ ಕಾಲ ಇದಕ್ಕೆ ಇನ್ನೊಂದು ತಿರುವು ಕೊಟ್ಟಿದೆ. ಒಂದೊಂದು ಕಪಾಟು 100 ಕಿಲೋವಾಟ್ ದಾಟುವ ಹೊಸ ಯಂತ್ರಗಳನ್ನು ಗಾಳಿ ಊದಿ ತಣಿಸಲಾಗದು. ಚಿಪ್‌ನ ಬೆನ್ನಿಗೇ ದ್ರವ ಹಾಯಿಸುತ್ತಾರೆ. ಆ ಕೊಳವೆಸುತ್ತು ಮುಚ್ಚಿದ್ದು, ಅದರ ದ್ರವ ಆವಿಯಾಗುವುದಿಲ್ಲ ಎಂದು ಮಾರುವವರು ಹೇಳುವುದು ಸುಳ್ಳಲ್ಲ. ಆದರೆ ಆ ಶಾಖ ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಕೇಳಬೇಕು. ಬಹಳ ಕಡೆ ಅದು ಶಾಖವಿನಿಮಯಕ ದಾಟಿ ಹೊರಗಿನ ತೆರೆದ ಸುತ್ತಿಗೆ, ಅಲ್ಲಿಂದ ಟವರ್‌ಗೆ. ಬೇರೆ ದಾರಿ ಇಲ್ಲದಿಲ್ಲ. ಇಂಥ ಚಿಪ್‌ಗಳು 40 ಡಿಗ್ರಿಯ ಆಸುಪಾಸಿನ ದ್ರವದಿಂದಲೂ ತಣಿಯಬಲ್ಲವು. ಬೆಂಗಳೂರಿನ ಗಾಳಿ ಬಹುತೇಕ ದಿನ ಅದಕ್ಕಿಂತ ಎಷ್ಟೋ ತಣ್ಣಗಿರುವುದರಿಂದ, ಕಾರಿನಲ್ಲಿರುವಂಥದೇ ರೇಡಿಯೇಟರ್‌ನ ದೊಡ್ಡ ರೂಪವಾದ ಡ್ರೈ ಕೂಲರ್ ಸಾಕು. ಜಾಗ ಹೆಚ್ಚು ಬೇಕು, ಫ್ಯಾನಿಗೆ ಕರೆಂಟು ಬೇಕು. ನೀರೂ ಬೇಡ, ತುಂತುರೂ ಇಲ್ಲ. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಊರಿಗೆ ಸಿಕ್ಕ ಅನುಕೂಲವಿದು.

ಇಷ್ಟೆಲ್ಲ ಅಪಾಯವಿದ್ದರೆ ನಮ್ಮಲ್ಲಿ ಇಷ್ಟರಲ್ಲೇ ಏನಾದರೂ ಆಗಬೇಕಿತ್ತಲ್ಲ ಎನ್ನುವವರಿಗೆ ಪಾಂಟಿಯಾಕ್‌ನ ಕಥೆ ಹೇಳಬೇಕು. 1968ರಲ್ಲಿ ಅಮೆರಿಕದ ಆ ಊರಿನ ಆರೋಗ್ಯ ಇಲಾಖೆಯ ಕಚೇರಿಯಲ್ಲೇ 144 ಜನ ಜ್ವರ ಬಂದು ಮಲಗಿದರು. ಹವಾನಿಯಂತ್ರಣದ ಮೇಲೆ ಅನುಮಾನ ಬಂತು, ರೋಗಾಣು ಮಾತ್ರ ಸಿಗಲಿಲ್ಲ. 1976ರ ಜುಲೈಯಲ್ಲಿ ಫಿಲಡೆಲ್ಫಿಯಾದ ಹೋಟೆಲಿನಲ್ಲಿ ಮಾಜಿ ಸೈನಿಕರ ಸಮಾವೇಶವಾಗಿ, ಕಾಯಿಲೆಯಿಂದ 34 ಜನ ಸತ್ತು, ಮುಂದಿನ ಜನವರಿಯಲ್ಲಿ ಜೋಸೆಫ್ ಮ್ಯಾಕ್‌ಡೇಡ್ ಬ್ಯಾಕ್ಟೀರಿಯಾವನ್ನು ಗುರುತಿಸಿದ ಮೇಲೆ, ಪಾಂಟಿಯಾಕ್‌ನಲ್ಲಿ ಶೇಖರಿಸಿಟ್ಟಿದ್ದ ರಕ್ತವನ್ನು ತೆಗೆದು ನೋಡಿದರು. ಅದೇ ಬ್ಯಾಕ್ಟೀರಿಯಾ. ಒಂಬತ್ತು ವರ್ಷ ಅದು ಕಣ್ಣೆದುರೇ ಇತ್ತು. ಅಮೆರಿಕದಲ್ಲಿ 2000ದಲ್ಲಿ ವರದಿಯಾದ ಪ್ರಕರಣ ಸುಮಾರು 1,100. 2018ರಲ್ಲಿ ಸುಮಾರು 10,000. ರೋಗವೂ ಹೆಚ್ಚಿದೆ, ಹುಡುಕುವುದೂ ಹೆಚ್ಚಿದೆ.

ನಮ್ಮ ಆಸ್ಪತ್ರೆಗಳಲ್ಲಿ ನ್ಯುಮೋನಿಯಾ ರೋಗಿಗೆ ಮೂತ್ರದಲ್ಲಿ ಲೆಜಿಯೊನೆಲ್ಲಾ ಹುಡುಕುವ ಪರೀಕ್ಷೆ ವಾಡಿಕೆಯಲ್ಲ. ಪೆನಿಸಿಲಿನ್ ಜಾತಿಯ ಔಷಧ ಈ ರೋಗಕ್ಕೆ ತಾಗದು. ಅಜಿತ್ರೊಮೈಸಿನ್ ತಾಗುತ್ತದೆ, ಅದನ್ನು ನಮ್ಮ ವೈದ್ಯರು ಮೊದಲ ದಿನವೇ ಜೊತೆಗೆ ಬರೆಯುವುದುಂಟು. ರೋಗಿಗೆ ಅದು ಪುಣ್ಯ. ಆದರೆ ಗುಣವಾದವನ ಕಡತದಲ್ಲೂ, ತಡವಾಗಿ ಬಂದು ಸತ್ತವನ ಕಡತದಲ್ಲೂ ಉಳಿಯುವುದು ನ್ಯುಮೋನಿಯಾ ಎಂಬ ಒಂದೇ ಪದ. ನಾಲ್ಕು ಆಸ್ಪತ್ರೆಗಳಲ್ಲಿ ಹಂಚಿಹೋದ ಮೂವತ್ತು ರೋಗಿಗಳು ಒಂದೇ ಟವರ್‌ನ ಗಾಳಿ ಕುಡಿದವರೆಂದು ಹೊಂದಿಸಿ ನೋಡುವ ದಾರಿಯೇ ಇಲ್ಲ. ಬ್ಯಾಕ್ಟೀರಿಯಾ ನಮ್ಮಲ್ಲಿ ಇಲ್ಲವೆನ್ನುವ ಹಾಗಿಲ್ಲ. ದೆಹಲಿಯ ಏಮ್ಸ್‌ನ ಸಂಶೋಧಕರು ಆಸ್ಪತ್ರೆಯ ನೀರಿನಲ್ಲೇ ಅದನ್ನು ಕಂಡಿದ್ದಾರೆ.

ಕೆನಡಾದ ಕ್ವಿಬೆಕ್ ನಗರದಲ್ಲಿ 2012ರಲ್ಲಿ 181 ಜನ ಕಾಯಿಲೆ ಬಿದ್ದ ಮೇಲೆ ಆ ಪ್ರಾಂತ್ಯ ತಿಂಗಳಿಗೊಮ್ಮೆ ಲೆಜಿಯೊನೆಲ್ಲಾ ಪರೀಕ್ಷೆಯನ್ನು ಕಡ್ಡಾಯ ಮಾಡಿತು. ಬ್ಯಾಕ್ಟೀರಿಯಾದ ಲೆಕ್ಕ ಲೀಟರಿಗೆ 10 ಲಕ್ಷ ದಾಟಿದರೆ ಫ್ಯಾನ್ ನಿಲ್ಲಿಸಬೇಕು, ಪ್ರಯೋಗಾಲಯವೇ ಸರ್ಕಾರಕ್ಕೆ ತಿಳಿಸಬೇಕು. ಬ್ರಿಟನ್ 1992ರಿಂದಲೇ ಟವರ್‌ಗಳ ಮಾಹಿತಿಯನ್ನು ಸ್ಥಳೀಯ ಸಂಸ್ಥೆಗೆ ಕೊಡಿಸುತ್ತಿದೆ. ಕರ್ನಾಟಕದಲ್ಲಿ ಇಂಥ ವರದಿ ನಾಳೆ ಬಂದರೆ ಅದನ್ನು ಕೊಡಲು ಯಾವ ಕಚೇರಿಗೆ ಹೋಗಬೇಕು? ಜಲಮಂಡಳಿಯೋ, ಮಾಲಿನ್ಯ ನಿಯಂತ್ರಣ ಮಂಡಳಿಯೋ, ಕಾರ್ಖಾನೆಗಳ ಇಲಾಖೆಯೋ, ಪಾಲಿಕೆಯ ಆರೋಗ್ಯಾಧಿಕಾರಿಯೋ? ನನ್ನನ್ನು ಕೇಳಿದರೆ ಜಲಮಂಡಳಿಯಿಂದಲೇ ಶುರು ಮಾಡಬೇಕು. ಶುದ್ಧೀಕರಿಸಿದ ನೀರನ್ನು ಯಾರಿಗೆ, ಎಷ್ಟು, ಯಾವ ಕೆಲಸಕ್ಕೆ ಮಾರುತ್ತಿದ್ದೇವೆಂಬ ಲೆಕ್ಕ ಬಿಲ್ಲು ಬರೆಯುವವರ ಬಳಿ ಇರಲೇಬೇಕು. ಆ ಬಿಲ್ಲಿನ ಜೊತೆ ಒಂದು ನಮೂನೆ ಕಳಿಸಿ, ಟವರ್ ಎಷ್ಟು, ಎಲ್ಲಿದೆ, ಡ್ರಿಫ್ಟ್ ಎಲಿಮಿನೇಟರ್ ಕೊನೆಯ ಸಲ ನೋಡಿದ್ದು ಯಾವಾಗ, ಲೆಜಿಯೊನೆಲ್ಲಾ ಪರೀಕ್ಷೆ ಆಗಿದೆಯೇ ಎಂದು ಕೇಳಲು ಹೊಸ ಕಾನೂನಿಗೆ ಕಾಯಬೇಕಿಲ್ಲ. ಆಸ್ಪತ್ರೆಗಳ ಚಾವಣಿಯಿಂದ ಆರಂಭಿಸಿದರೆ ಇನ್ನೂ ಒಳ್ಳೆಯದು. ಅವುಗಳ ಕಿಟಕಿಯ ಕೆಳಗೆ ಕೂತವರು ಮೊದಲೇ ಉಸಿರಿಗೆ ಕಷ್ಟಪಡುತ್ತಿರುವವರು.